ಬಟ್ಟೆ ಡೈಪರ್: ಯಾವುದು ಕೊಳ್ಳಲಿ ಅನ್ನುವ ಮೊದಲು ಎಲ್ಲಿ ಒಣಗಿಸುತ್ತೀರಿ ನೋಡಿ

ಪ್ರಶ್ನೆ: ನನಗೀಗ ಏಳು ತಿಂಗಳು. ಮಗುವಿಗೆ ಬಟ್ಟೆ ಡೈಪರನ್ನೇ ಹಾಕಬೇಕು ಅಂತ ಆಸೆ. ಆದರೆ ಫ್ಲ್ಯಾಟ್, ಪ್ರಿಫೋಲ್ಡ್, ಫಿಟೆಡ್, ಪಾಕೆಟ್, ಆಲ್-ಇನ್-ಒನ್ ಅಂತ ಹೆಸರುಗಳನ್ನು ನೋಡಿಯೇ ತಲೆ ಕೆಟ್ಟಿದೆ. 24 ಪಾಕೆಟ್ ಡೈಪರ್‌ಗಳ ಒಂದು ಸೆಟ್ ಕಣ್ಣಿಗೆ ಬಿದ್ದಿದೆ. ಹುಟ್ಟಿದ ದಿನದಿಂದ ಕೊನೆಯವರೆಗೂ ಅದೇ ಆಗುತ್ತದೆ ಎಂದು ಬರೆದಿದ್ದಾರೆ. ಅಮ್ಮ ಮಾತ್ರ ಹಳೆಯ ಕಾಟನ್ ಬಟ್ಟೆ ಸಾಕು ಅನ್ನುತ್ತಾರೆ. ಮನೆಯಲ್ಲಿ ವಾಷಿಂಗ್ ಮಷೀನ್ ಇದೆ, ಆದರೆ ಬಾಲ್ಕನಿ ಚಿಕ್ಕದು, ಬಿಸಿಲು ಕಡಿಮೆ. ಆರು ತಿಂಗಳ ನಂತರ ನಾನು ಕೆಲಸಕ್ಕೆ ಹೋಗಬೇಕು. ಹಗಲು ಅತ್ತೆ ನೋಡಿಕೊಳ್ಳುತ್ತಾರೆ. ರಾತ್ರಿಗೆ ಏನು ಮಾಡಲಿ ಅನ್ನುವುದೂ ಗೊತ್ತಾಗುತ್ತಿಲ್ಲ. ದಯವಿಟ್ಟು ತಿಳಿಸಿ.

ಉತ್ತರ: ಆ 24ರ ಸೆಟ್ ಈಗಲೇ ಕೊಳ್ಳಬೇಡಿ. ಪಾಕೆಟ್ ಡೈಪರ್ ಕೆಟ್ಟದ್ದು ಅಂತಲ್ಲ. ಮುಂದೆ ನಿಮ್ಮ ಮನೆಗೆ ಅದೇ ಹೊಂದಬಹುದು. ಆದರೆ ಮಗುವಿನ ತೊಡೆ ಎಷ್ಟು ದಪ್ಪ ಇರುತ್ತದೆ, ಎಷ್ಟು ಹೊತ್ತಿಗೊಮ್ಮೆ ಒದ್ದೆ ಮಾಡುತ್ತದೆ, ನಿಮ್ಮ ಬಾಲ್ಕನಿಯಲ್ಲಿ ಒಂದು ದಪ್ಪ ಬಟ್ಟೆ ಒಣಗಲು ಎಷ್ಟು ಹೊತ್ತು ಬೇಕು, ಇದ್ಯಾವುದೂ ಇನ್ನೂ ಗೊತ್ತಿಲ್ಲ ಅಲ್ವಾ? ಇದು ತಿಳಿಯುವ ಮೊದಲೇ ಒಂದೇ ಬಗೆಯ ಡೈಪರ್ ರಾಶಿ ತಂದಿಟ್ಟುಕೊಂಡು, ಅದು ಸೋರಿ ಸೋರಿ ಬೇಸತ್ತು, ಬಟ್ಟೆ ಡೈಪರಿನ ಸಹವಾಸವೇ ಬೇಡ ಅಂದ ತಾಯಂದಿರು ಬಹಳ. ಅವರ ತಪ್ಪೇನೂ ಇರುವುದಿಲ್ಲ. ಯಾವುದನ್ನು ಯಾವಾಗ ಬಳಸಬೇಕು ಅಂತ ಯಾರೂ ಅವರಿಗೆ ಕೂತು ಹೇಳಿರುವುದಿಲ್ಲ.

ಮೊದಲು ಹೆಸರುಗಳ ಗೋಜಲು ಬಿಡಿಸೋಣ. ಡೈಪರ್ ಯಾವುದೇ ಇರಲಿ, ಅದರ ಕೆಲಸ ಎರಡೇ. ಒಳಗಿನ ಬಟ್ಟೆ ಮೂತ್ರ ಹೀರಬೇಕು. ಹೊರಗಿನ ಪದರ ಅದು ಆಚೆ ಬರದಂತೆ ತಡೆಯಬೇಕು. ಈ ಎರಡನ್ನು ಬೇರೆ ಬೇರೆ ಇಟ್ಟಿದ್ದಾರೋ, ಒಟ್ಟಿಗೆ ಹೊಲಿದಿದ್ದಾರೋ ಅನ್ನುವುದರ ಮೇಲೆ ಇಷ್ಟೆಲ್ಲ ಹೆಸರು ಹುಟ್ಟಿವೆ. ಒಟ್ಟಿಗೆ ಹೊಲಿದಷ್ಟೂ ತೊಡಿಸುವುದು ಸುಲಭ, ಒಣಗುವುದು ನಿಧಾನ. ಬೇರೆ ಬೇರೆ ಇದ್ದಷ್ಟೂ ತೊಡಿಸುವಾಗ ಕೈಕೆಲಸ ಜಾಸ್ತಿ, ಒಗೆದು ಒಣಗಿಸುವುದು ಸಲೀಸು. ಹಾಗಾಗಿ ಯಾರು ಬಂದು ಯಾವುದು ಒಳ್ಳೆಯದು ಅಂತ ಕೇಳಿದರೂ ನಾನು ಮೊದಲು ಕೇಳುವುದು, ಎಲ್ಲಿ ಒಣಗಿಸುತ್ತೀರಿ ಅಂತ. ನಿಮ್ಮದು ಚಿಕ್ಕ ಬಾಲ್ಕನಿ, ಕಡಿಮೆ ಬಿಸಿಲು. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ನಿಮ್ಮ ಅಮ್ಮನ ಮಾತಿಗೆ ಬರೋಣ. ಅವರು ಹೇಳುವ ಕಾಟನ್ ಬಟ್ಟೆಯೇ ಫ್ಲ್ಯಾಟ್. ಒಂದೇ ಪದರದ ದೊಡ್ಡ ಚೌಕ, ಉದ್ದ ಅಗಲ ಸುಮಾರು 70 ಸೆಂಟಿಮೀಟರ್. ಮಡಚಿದರೆ ಎಂಟು ಪದರ ಬೇಕೆಂದರೆ ಎಂಟು, ಹದಿನಾರು ಬೇಕೆಂದರೆ ಹದಿನಾರು. ಒಗೆಯುವಾಗ ಬಿಚ್ಚಿದರೆ ಮತ್ತೆ ಒಂದೇ ಪದರ. ಸೋಪು, ನೀರು ಎಲ್ಲ ಕಡೆ ತಲುಪುತ್ತದೆ. ಕೊಳೆ ಅಡಗಿ ಕೂರಲು ಜಾಗವೇ ಇಲ್ಲ. ಬಿಸಿಲಿಲ್ಲದಿದ್ದರೂ ಬರೀ ಗಾಳಿಗೆ ಒಣಗುತ್ತದೆ. ಗಂಡು ಮಗುವಾದರೆ ಮುಂದೆ, ಹೆಣ್ಣು ಮಗುವಾದರೆ ನಡುವೆ ಪದರ ಜಾಸ್ತಿ ಬರುವಂತೆ ಮಡಚಬಹುದು. ಮಗು ಬೆಳೆದಂತೆ ಮಡಿಕೆ ಬದಲಾಯಿಸಿದರೆ ಸಾಕು, ಬಟ್ಟೆ ಬದಲಾಯಿಸಬೇಕಿಲ್ಲ. ಇಷ್ಟು ಗುಣ ಬೇರೆ ಯಾವ ಡೈಪರ್‌ಗೂ ಇಲ್ಲ. ಹಳೆಯದು ಅಂತ ಇದನ್ನು ತಳ್ಳಿಹಾಕಬೇಡಿ.

ಒಗೆದು ಒಗೆದು ಮೆತ್ತಗಾದ ಕಾಟನ್ ಹೊಸದಕ್ಕಿಂತ ಬೇಗ ಹೀರುತ್ತದೆ. ಹೊಸ ಹತ್ತಿ ಬಟ್ಟೆಯಲ್ಲಿ ಹತ್ತಿಯದೇ ಎಣ್ಣೆ, ಮೇಣದ ಅಂಶ ಉಳಿದಿರುತ್ತದೆ. ಅದು ಹೋಗುವವರೆಗೆ ನೀರು ಮೇಲೆಯೇ ಹನಿಯಾಗಿ ನಿಲ್ಲುತ್ತದೆ. ಹಳೆಯ ಬಟ್ಟೆಯಾದರೆ ಆ ತೊಂದರೆ ಇಲ್ಲ. ಒಂದೇ ಎಚ್ಚರಿಕೆ, ಅದು ನಿಜವಾಗಿ ಹತ್ತಿಯದೇ ಆಗಿರಲಿ. ನೂಲಿನಲ್ಲಿ ಪಾಲಿಯೆಸ್ಟರ್ ಸೇರಿದ್ದರೆ ಚೆನ್ನಾಗಿ ಹೀರುವುದಿಲ್ಲ. ಎರಡು ಹನಿ ನೀರು ಹಾಕಿ ನೋಡಿ. ತಕ್ಷಣ ಹರಡಿ ಇಂಗಿದರೆ ಆ ಬಟ್ಟೆ ಆಗುತ್ತದೆ.

ಬಟ್ಟೆ ಒಂದೇ ಇದ್ದರೆ ಹಾಸಿಗೆ ಒದ್ದೆ, ಎತ್ತಿಕೊಂಡವರ ಮಡಿಲು ಒದ್ದೆ. ಅದಕ್ಕೆ ಮೇಲೊಂದು ಕವರ್ ಬೇಕು. ಹಿಂದೆ ರಬ್ಬರಿನ ಚಡ್ಡಿ ಬಳಸುತ್ತಿದ್ದರು. ಗಾಳಿಯಾಡದೆ ಮಗುವಿನ ಚರ್ಮ ಕೆಂಪಾಗುತ್ತಿತ್ತು. 1946ರಲ್ಲಿ ಅಮೆರಿಕದ ತಾಯಿಯೊಬ್ಬರು, ಮರಿಯನ್ ಡೊನೊವನ್, ಸ್ನಾನದ ಮನೆಯ ಪರದೆಯನ್ನು ಕತ್ತರಿಸಿ ಕವರ್ ಹೊಲಿದರು. ಆಮೇಲೆ ಪ್ಯಾರಾಚೂಟಿನ ನೈಲಾನ್ ಬಟ್ಟೆ ಬಳಸಿದರು, ಪಿನ್ನಿನ ಬದಲು ಪ್ರೆಸ್ ಬಟನ್ ಇಟ್ಟರು. ಈಗಿನ ಕವರ್‌ಗಳು ಆ ದಾರಿಯಲ್ಲೇ ಬಂದವು. ಇವತ್ತು ಸಾಮಾನ್ಯವಾಗಿ ಸಿಗುವುದು ಪಿಯುಎಲ್ ಕವರ್. ಪಾಲಿಯೆಸ್ಟರ್ ಬಟ್ಟೆಯ ಹಿಂದೆ ಪಾಲಿಯುರಿಥೇನ್‌ನ ತೆಳು ಪೊರೆ ಅಂಟಿಸಿರುತ್ತಾರೆ. ನೀರು ಆಚೆ ಬರುವುದಿಲ್ಲ, ಸ್ವಲ್ಪ ಆವಿ ಮಾತ್ರ ಹೋಗುತ್ತದೆ. ಪಿನ್ ಚುಚ್ಚೀತು ಎಂಬ ಭಯವೂ ಬೇಡ. ಬಟ್ಟೆಯನ್ನು ಉದ್ದ ಪಟ್ಟಿಯಾಗಿ ಮಡಚಿ ಕವರಿನೊಳಗೆ ಹಾಸಿ ಬಟನ್ ಹಾಕಿದರೆ ಮುಗಿಯಿತು. ಬರೀ ಮೂತ್ರವಾಗಿದ್ದರೆ ಕವರಿನ ಒಳಗೆ ಒರೆಸಿ, ಎರಡು ಕವರ್‌ಗಳನ್ನು ಅದಲು ಬದಲು ಮಾಡುತ್ತಾ ಮತ್ತೆ ಬಳಸಬಹುದು. ಕಕ್ಕ ತಾಗಿದ್ದರೆ ಮಾತ್ರ ಒಗೆಯಲು ಹಾಕಿ.

ಪ್ರಿಫೋಲ್ಡ್ ಅಂದರೆ ಮಡಚುವ ಕೆಲಸ ಉಳಿಸಲು ನಡುವೆ ಪದರ ಜಾಸ್ತಿ ಇಟ್ಟು ಹೊಲಿದ ಆಯತದ ಬಟ್ಟೆ. ಗಟ್ಟಿಮುಟ್ಟು, ವರ್ಷಗಟ್ಟಲೆ ಬಾಳುತ್ತದೆ. ಆದರೆ ನಡುವಿನ ದಪ್ಪ ಭಾಗ ನಿಮ್ಮ ಬಾಲ್ಕನಿಯಲ್ಲಿ ಬೇಗ ಒಣಗದು. ಫಿಟೆಡ್ ಇನ್ನೂ ದಪ್ಪ. ಡೈಪರಿನ ಆಕಾರದಲ್ಲೇ ಹೊಲಿದ, ಸುತ್ತಲೂ ಹೀರುವ ಬಟ್ಟೆ. ಅದಕ್ಕೂ ಮೇಲೆ ಕವರ್ ಬೇಕು. ರಾತ್ರಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಹಗಲಿಗೆ ನಿಮಗೆ ಬೇಡ.

ಈಗ ಪಾಕೆಟ್. ಹೊರಗೆ ಪಿಯುಎಲ್, ಒಳಗೆ ಚರ್ಮಕ್ಕೆ ತಾಗುವ ಕಡೆ ಫ್ಲೀಸ್‌ನಂಥ ಪಾಲಿಯೆಸ್ಟರ್ ಬಟ್ಟೆ, ಎರಡರ ನಡುವೆ ಜೇಬಿನಂಥ ಜಾಗ. ಆ ಜೇಬಿಗೆ ಹೀರುವ ಪ್ಯಾಡ್, ಅಂದರೆ ಇನ್ಸರ್ಟ್ ತುರುಕಬೇಕು. ಪಾಲಿಯೆಸ್ಟರ್ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಮೂತ್ರ ಅದರ ಮೂಲಕ ಇಳಿದು ಇನ್ಸರ್ಟ್ ಸೇರುತ್ತದೆ, ಚರ್ಮಕ್ಕೆ ಒಣಗಿದ ಹಾಗೆ ಅನಿಸುತ್ತದೆ. ಮೊದಲೇ ಇನ್ಸರ್ಟ್ ತುಂಬಿಟ್ಟರೆ ತೊಡಿಸುವವರಿಗೆ ಬಹಳ ಸುಲಭ. ಒಗೆಯುವಾಗ ಇನ್ಸರ್ಟ್ ಹೊರತೆಗೆಯುವುದರಿಂದ ಹೊರಕವಚ ಬೇಗ ಒಣಗುತ್ತದೆ. ನೀವು ಕೆಲಸಕ್ಕೆ ಹೋದ ಮೇಲೆ ಅತ್ತೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಮಡಿಕೆ ಕಲಿಯಬೇಕಿಲ್ಲ, ಕವರ್ ಬೇರೆ ಹುಡುಕಬೇಕಿಲ್ಲ.

ಆದರೆ ನೀವು ನೋಡಿದಂಥ ಸೆಟ್‌ಗಳಲ್ಲಿ ಒಂದು ಸಮಸ್ಯೆ ಇರುತ್ತದೆ, ಇನ್ಸರ್ಟ್. ಅಗ್ಗದ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಮೈಕ್ರೋಫೈಬರ್, ಅಂದರೆ ತೀರಾ ಸಣ್ಣ ಕೃತಕ ಎಳೆಗಳ ಇನ್ಸರ್ಟ್ ಕೊಡುತ್ತಾರೆ. ಅದು ಸ್ಪಂಜಿನ ಹಾಗೆ. ಥಟ್ಟನೆ ಹೀರುತ್ತದೆ, ಒತ್ತಿದರೆ ಅಷ್ಟೇ ಥಟ್ಟನೆ ಬಿಟ್ಟುಕೊಡುತ್ತದೆ. ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡಾಗ, ಕಾರಿನ ಸೀಟಿನಲ್ಲಿ ಕೂರಿಸಿದಾಗ ತೊಡೆಯ ಪಕ್ಕದಿಂದ ಜಿನುಗುವುದು ಬಹುಪಾಲು ಇದೇ ಕಾರಣಕ್ಕೆ. ಡೈಪರೇ ಸರಿಯಿಲ್ಲ ಅಂದುಕೊಂಡು ಜನ ಬಿಸಾಡುತ್ತಾರೆ, ಬದಲಾಯಿಸಬೇಕಾದ್ದು ಒಳಗಿನ ಪ್ಯಾಡ್ ಮಾತ್ರ. ಇನ್ನೊಂದು ಮಾತು ಮರೆಯಬೇಡಿ: ಮೈಕ್ರೋಫೈಬರನ್ನು ನೇರವಾಗಿ ಮಗುವಿನ ಚರ್ಮಕ್ಕೆ ತಾಗುವಂತೆ ಇಡಲೇಬಾರದು. ಅದು ಚರ್ಮದ ತೇವವನ್ನೂ ಎಳೆದು ಒಣಗಿಸಿ ಉರಿ ತರುತ್ತದೆ. ಯಾವಾಗಲೂ ಜೇಬಿನೊಳಗೇ ಇರಬೇಕು. ಅತ್ತೆಗೂ ಇದನ್ನು ಹೇಳಿಡಿ.

ಇನ್ಸರ್ಟ್‌ಗೆ ನನ್ನ ಮೊದಲ ಆಯ್ಕೆ ಹತ್ತಿ. ಸಾಧಾರಣ ವೇಗದಲ್ಲಿ ಹೀರುತ್ತದೆ, ಒತ್ತಿದರೂ ಅಷ್ಟಾಗಿ ಬಿಡುವುದಿಲ್ಲ, ಬಿಸಿನೀರಿಗೂ ಜಗ್ಗುವುದಿಲ್ಲ. ಹೆಂಪ್, ಅಂದರೆ ಸೆಣಬಿನಂಥ ಗಿಡದ ನಾರಿನ ಬಟ್ಟೆ, ನಿಧಾನವಾಗಿ ಹೀರುತ್ತದೆ, ಆದರೆ ತೆಳುವಿದ್ದರೂ ತುಂಬಾ ಹಿಡಿಯುತ್ತದೆ. ಹಾಗಾಗಿ ಹೆಂಪನ್ನು ಕೆಳಗೆ, ಹತ್ತಿಯನ್ನು ಮೇಲೆ ಇಡಬೇಕು. ತಿರುಗಿಸಿ ಇಟ್ಟರೆ ಹೀರುವ ಮೊದಲೇ ಮೂತ್ರ ಪಕ್ಕಕ್ಕೆ ಹರಿಯುತ್ತದೆ. ಬಿದಿರಿನ ಇನ್ಸರ್ಟ್ ಮೆತ್ತಗೆ, ಚೆನ್ನಾಗಿಯೂ ಹೀರುತ್ತದೆ. ಆದರೆ ಅದು ಬಿದಿರಿನ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ಮಾಡಿದ ವಿಸ್ಕೋಸ್ ನೂಲು. ಒಣಗುವುದು ನಿಧಾನ, ಹತ್ತಿಯಷ್ಟು ಬಾಳುವುದೂ ಇಲ್ಲ. ಬರೀ ಬಿದಿರು ಅನ್ನುವ ಹೆಸರಿಗೆ ಮರುಳಾಗಿ ಜಾಸ್ತಿ ಕೊಡಬೇಡಿ. ನಿಜ ಹೇಳಬೇಕೆಂದರೆ ನಿಮ್ಮ ಅಮ್ಮನ ಚೌಕ ಬಟ್ಟೆಯನ್ನೇ ಪಟ್ಟಿಯಾಗಿ ಮಡಚಿ ಪಾಕೆಟ್ ಡೈಪರಿಗೆ ತುರುಕಬಹುದು. ಒಣಗಿಸುವ ಜಾಗ ಕಡಿಮೆ ಇರುವ ಮನೆಗೆ ನಾನು ಮನಸಾರೆ ಹೇಳುವ ಜೋಡಿ ಇದು.

ಆಲ್-ಇನ್-ಒನ್‌ನಲ್ಲಿ ಎಲ್ಲವನ್ನೂ ಸೇರಿಸಿ ಹೊಲಿದಿರುತ್ತಾರೆ. ಡಿಸ್ಪೋಸಬಲ್ ಹಾಕಿದಷ್ಟೇ ಸುಲಭ. ಒಣಗಲು ಮಾತ್ರ ಎಲ್ಲಕ್ಕಿಂತ ಜಾಸ್ತಿ ಹೊತ್ತು. ಒಳಪದರ ತೇವ ಉಳಿದರೆ ವಾಸನೆ ಬರುತ್ತದೆ. ಹೊರಗೆ ಹೋಗುವಾಗ ಹಾಕಲು ಎರಡೋ ಮೂರೋ ಇದ್ದರೆ ಚೆನ್ನ, ದಿನದ ಬಳಕೆಗೆ ನಿಮ್ಮ ಮನೆಗೆ ಹೊಂದುವುದಿಲ್ಲ.

ಇನ್ನು ಹುಟ್ಟಿದ ದಿನದಿಂದ ಕೊನೆಯವರೆಗೂ ಒಂದೇ ಸೈಜ್ ಅನ್ನುವ ಮಾತು. ಇಂಥ ಡೈಪರ್ ಮೇಲೆ ಸಾಮಾನ್ಯವಾಗಿ 3 ಕೆಜಿಯಿಂದ 15 ಅಥವಾ 16 ಕೆಜಿ ಎಂದು ಬರೆದಿರುತ್ತದೆ. ಆದರೆ ನವಜಾತ ಮಗುವಿನ ಕಾಲು ತೀರಾ ಸಣ್ಣ. ಬಟನ್ ಎಷ್ಟು ಬಿಗಿ ಮಾಡಿದರೂ ತೊಡೆಯ ಬಳಿ ಸಂದಿ ಉಳಿಯುತ್ತದೆ. ಮಗು ನಾಲ್ಕೂವರೆ, ಐದು ಕೆಜಿ ಆದ ಮೇಲೆಯೇ ಇವು ಸರಿಯಾಗಿ ಕೂರುವುದು. ಹೊಕ್ಕುಳ ಬಳ್ಳಿಯ ತುಂಡು ಒಣಗಿ ಬೀಳಲು ಸಾಮಾನ್ಯವಾಗಿ 1ರಿಂದ 3 ವಾರ ಬೇಕು. ಅಲ್ಲಿಯವರೆಗೆ ಡೈಪರಿನ ಮುಂಭಾಗ ಹೊಕ್ಕುಳಿಗಿಂತ ಕೆಳಗೆ ಇರಬೇಕು. ಚೌಕ ಬಟ್ಟೆಯಲ್ಲಿ ಅದು ಸುಲಭ, ಮುಂದಿನ ಅಂಚನ್ನು ಮಡಚಿದರಾಯಿತು. ಮೊದಲ ಎರಡು ಮೂರು ದಿನ ಮಗು ಮಾಡುವ ಕಪ್ಪು, ಅಂಟಂಟು ಕಕ್ಕದ ಕಲೆ ಬೇಗ ಹೋಗುವುದಿಲ್ಲ. ಆ ದಿನಗಳಿಗೆ ತೀರಾ ಹಳೆಯ ತುಂಡುಗಳನ್ನೇ ಇಟ್ಟುಕೊಳ್ಳಿ.

ನವಜಾತ ಮಗುವಿಗೆ ದಿನಕ್ಕೆ 10ರಿಂದ 12 ಸಲ ಡೈಪರ್ ಬದಲಾಯಿಸಬೇಕಾಗಬಹುದು. ಅಷ್ಟು ಸಲವೂ ದಪ್ಪ ಡೈಪರ್ ಹಾಕಿದರೆ ನಿಮ್ಮ ಬಾಲ್ಕನಿ ಎರಡೇ ದಿನಕ್ಕೆ ತುಂಬಿಹೋಗುತ್ತದೆ. ಈ ವಯಸ್ಸಿಗೆ ತೆಳು ಬಟ್ಟೆ ಒಳ್ಳೆಯದು ಅನ್ನಲು ಇನ್ನೊಂದು ಕಾರಣವೂ ಇದೆ. ಹುಟ್ಟಿ ಐದಾರು ದಿನ ಆದ ಮೇಲೆ ಮಗು ದಿನಕ್ಕೆ ಕನಿಷ್ಠ ಆರು ಸಲ ಚೆನ್ನಾಗಿ ಒದ್ದೆ ಮಾಡಬೇಕು. ಹಾಲು ಸಾಕಾಗುತ್ತಿದೆ ಅನ್ನುವುದಕ್ಕೆ ಅದೊಂದು ಗುರುತು. ಹತ್ತಿ ಬಟ್ಟೆಯಲ್ಲಿ ಒದ್ದೆಯಾದದ್ದು ಕೈಗೆ ತಕ್ಷಣ ಗೊತ್ತಾಗುತ್ತದೆ. ಒಣಗಿದಂತೆ ತೋರುವ ಫ್ಲೀಸ್ ಪದರದಲ್ಲಿ ಅಷ್ಟು ಬೇಗ ತಿಳಿಯುವುದಿಲ್ಲ.

ಹಾಗಾಗಿ ನಿಮಗೆ ನಾನು ಹೇಳುವುದಿಷ್ಟು. ಹುಟ್ಟುವ ಹೊತ್ತಿಗೆ 20ರಿಂದ 24 ಚೌಕ ಬಟ್ಟೆ, ನವಜಾತ ಅಳತೆಯ 5 ಅಥವಾ 6 ಕವರ್. ದಿನಾ ಒಗೆಯುವುದಾದರೆ ಇದು ಸಾಕು. ಇದರ ಜೊತೆ ಎರಡೇ ಎರಡು ಪಾಕೆಟ್ ಡೈಪರ್ ತನ್ನಿ, ಬೇರೆ ಬೇರೆ ಕಂಪನಿಯದ್ದು. ಮಗು ಐದು ಕೆಜಿ ದಾಟಿದ ಮೇಲೆ ಅವನ್ನು ಹಾಕಿ ನೋಡಿ. ಯಾವುದು ಮೈಗೆ ಸರಿಯಾಗಿ ಕೂರುತ್ತದೋ ಅದನ್ನು ಇನ್ನು ಹತ್ತು ಹನ್ನೆರಡು ತೆಗೆದುಕೊಳ್ಳಿ. ಅಷ್ಟರಲ್ಲಿ ನೀವು ಕೆಲಸಕ್ಕೆ ಹೋಗುವ ದಿನವೂ ಹತ್ತಿರ ಬಂದಿರುತ್ತದೆ. ಚೌಕ ಬಟ್ಟೆಗಳು ಒಳಗಿನ ಪ್ಯಾಡ್ ಆಗುತ್ತವೆ. ಯಾವುದೂ ದಂಡ ಆಗುವುದಿಲ್ಲ.

ತೊಡಿಸುವ ರೀತಿಯನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಸೋರುವ ದೂರುಗಳಲ್ಲಿ ಬಹಳಷ್ಟು ಅಲ್ಲಿಂದಲೇ ಬರುತ್ತವೆ. ಕಾಲಿನ ಎಲಾಸ್ಟಿಕ್ ತೊಡೆಯ ಮೇಲೆ ಕೂರಬಾರದು, ತೊಡೆ ಸೇರುವ ಸಂದಿನ ಗೆರೆಯಲ್ಲಿ ಕೂರಬೇಕು, ಚಡ್ಡಿಯ ಅಂಚು ಕೂರುವ ಜಾಗದಲ್ಲಿ. ಸೊಂಟದ ಬಳಿ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ. ಒಳಗಿನ ಬಟ್ಟೆಯ ಒಂದೇ ಒಂದು ತುದಿ ಕವರಿನಿಂದ ಇಣುಕಿದರೂ ಮೂತ್ರ ಅದನ್ನೇ ಹಿಡಿದು ಅಂಗಿಗೆ ಹರಡುತ್ತದೆ. ಬೆರಳಿನಿಂದ ಒಂದು ಸುತ್ತು ಸವರಿ ಒಳಗೆ ಸೇರಿಸಿ. ಬಿಚ್ಚಿದಾಗ ತಿಳಿ ಕೆಂಪು ಗೆರೆ ಕಂಡರೆ ಚಿಂತೆಯಿಲ್ಲ, ಆಳವಾಗಿ ಒತ್ತಿದ ಗುರುತಿದ್ದರೆ ಬಿಗಿಯಾಗಿದೆ ಎಂದರ್ಥ. ದಪ್ಪ ಡೈಪರಿನಿಂದ ಕಾಲು ಡೊಂಕಾಗುತ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಕಾಲು ಅಗಲಿಸಿ ಮಂಡಿ ಮಡಚಿಕೊಂಡಿರುವುದು ಎಳೆ ಮಗುವಿನ ಸಹಜ ಭಂಗಿ, ಸೊಂಟದ ಕೀಲಿಗೂ ಅದೇ ಒಳ್ಳೆಯದು. ಕಾಲು ನೇರ ಮಾಡಿ ಬಿಗಿಯಾಗಿ ಸುತ್ತುವುದರಿಂದಲೇ ಕೀಲಿಗೆ ತೊಂದರೆ.

ರಾತ್ರಿಗೆ ಒಂದೆರಡು ಫಿಟೆಡ್ ಸಾಕು. ಒಳಗೆ ಹೆಂಪಿನ ಪ್ಯಾಡ್ ಸೇರಿಸಿ, ಮೇಲೆ ಕವರ್ ಹಾಕಿ. ಉಣ್ಣೆಯ ಕವರ್ ಸಿಕ್ಕರೆ ಒಮ್ಮೆ ಪ್ರಯತ್ನಿಸಿ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗ ತೇವ ಹೀರಿಕೊಂಡರೂ ಒದ್ದೆ ಅನಿಸುವುದಿಲ್ಲ, ಗಾಳಿಯೂ ಆಡುತ್ತದೆ. ದಿನಾ ಒಗೆಯಬೇಕಿಲ್ಲ, ಗಾಳಿಗೆ ಹರವಿಟ್ಟರೆ ಸಾಕು. ಕೆಲವು ವಾರಕ್ಕೊಮ್ಮೆ ಕೈಯಲ್ಲಿ ಒಗೆದು ಲ್ಯಾನೋಲಿನ್ (ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು) ಹಾಕಿದ ನೀರಿನಲ್ಲಿ ನೆನೆಸಿಡಬೇಕು. ಇಷ್ಟು ಆರೈಕೆ ಆಗದು ಅನಿಸಿದರೆ ರಾತ್ರಿ ಮಾತ್ರ ಡಿಸ್ಪೋಸಬಲ್ ಹಾಕಿ, ಹಗಲು ಬಟ್ಟೆ ಬಳಸಿ. ಮನಸ್ಸಿಗೆ ಕಸಿವಿಸಿ ಬೇಡ. ನೀವು ನಿದ್ದೆ ಮಾಡುವುದೂ ಮುಖ್ಯ.

ಒಗೆಯುವ ವಿಚಾರ. ಬಕೆಟ್ ನೀರಿನಲ್ಲಿ ದಿನಗಟ್ಟಲೆ ನೆನೆಸಿಡಬೇಡಿ. ಎಲಾಸ್ಟಿಕ್ ಹಾಳಾಗುತ್ತದೆ, ವಾಸನೆ ಹೆಚ್ಚುತ್ತದೆ, ಮನೆಯಲ್ಲಿ ಓಡಾಡುವ ಮಗುವಿದ್ದರೆ ನೀರಿನ ಬಕೆಟ್ ಅಪಾಯವೂ ಹೌದು. ಕಕ್ಕ ತೊಳೆದು, ರಾತ್ರಿಯ ಬಟ್ಟೆಗಳನ್ನು ನೀರಿನಲ್ಲಿ ಜಾಲಿಸಿ, ಗಾಳಿಯಾಡುವ ಬುಟ್ಟಿಯಲ್ಲಿ ಒಣದಾಗಿ ಇಡಿ. ಮಷೀನಿನಲ್ಲಿ ಮೊದಲು ಒಂದು ಚಿಕ್ಕ ವಾಶ್, ಆಮೇಲೆ ಸಾಕಷ್ಟು ಪುಡಿ ಹಾಕಿ ಒಂದು ಉದ್ದನೆಯ ವಾಶ್. ಮಗುವಿನ ಬಟ್ಟೆ ಅಂತ ಚಿಟಿಕೆ ಪುಡಿ ಹಾಕಿದರೆ ಕೊಳೆ ಹೋಗುವುದಿಲ್ಲ. ಚೆನ್ನಾಗಿ ಒಗೆದಿದ್ದು ಎಂದುಕೊಂಡ ಬಟ್ಟೆ ಮಗು ಒದ್ದೆ ಮಾಡಿದ ಕೂಡಲೇ ಘಾಟು ಹೊಡೆದರೆ, ಹಿಂದಿನ ಮೂತ್ರ ಒಳಗೇ ಉಳಿದಿದೆ ಅಂತ ತಿಳಿಯಿರಿ. ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡವೇ ಬೇಡ. ಅದು ನೂಲಿನ ಮೇಲೆ ಪದರ ಕಟ್ಟಿ ಹೀರುವ ಗುಣವನ್ನೇ ಕೊಲ್ಲುತ್ತದೆ. ಹತ್ತಿ ಬಟ್ಟೆಗೆ 60 ಡಿಗ್ರಿ ನೀರು ಒಳ್ಳೆಯದು, ಪಿಯುಎಲ್ ಕವರನ್ನು ಮಾತ್ರ ಕುದಿಸಬಾರದು. ಬಿಸಿಲು ಬೀಳುವ ಸ್ವಲ್ಪ ಜಾಗವನ್ನು ಬಟ್ಟೆಗಳಿಗೆ ಕೊಡಿ, ಹಳದಿ ಕಲೆ ತಾನಾಗಿ ಮಾಸುತ್ತದೆ. ಕವರ್‌ಗಳು ನೆರಳಲ್ಲೇ ಒಣಗಲಿ.

ಮಷೀನ್ ಡ್ರೈಯರ್ ತೆಗೆದುಕೊಳ್ಳಲೇ ಅಂತ ನೀವು ಮುಂದೆ ಯೋಚಿಸಬಹುದು. ಪರಿಸರಕ್ಕೆ ಒಳ್ಳೆಯದು ಅನ್ನುವ ಆಸೆಯೂ ನಿಮಗಿದ್ದರೆ ಇದನ್ನು ಕೇಳಿ. 2008ರಲ್ಲಿ ಬ್ರಿಟನ್ನಿನ ಪರಿಸರ ಏಜೆನ್ಸಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಮಗುವಿನ ಎರಡೂವರೆ ವರ್ಷಕ್ಕೆ ಡಿಸ್ಪೋಸಬಲ್‌ನಿಂದ ಸುಮಾರು 550 ಕೆಜಿ, ಬಟ್ಟೆ ಡೈಪರಿನಿಂದ ಸುಮಾರು 570 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರೆ ಬೀಳುತ್ತದೆ. ಮಷೀನ್ ತುಂಬಾ ಹಾಕಿ ಒಗೆದು, ಹೊರಗೆ ಹಗ್ಗದ ಮೇಲೆ ಒಣಗಿಸಿ, ಅದೇ ಡೈಪರನ್ನು ಎರಡನೇ ಮಗುವಿಗೂ ಬಳಸಿದರೆ ಸುಮಾರು 200 ಕೆಜಿ ಇಳಿಯುತ್ತದೆ. ಬಟ್ಟೆ ಡೈಪರಿನ ಲಾಭವೆಲ್ಲ ನಾವು ಒಗೆಯುವ, ಒಣಗಿಸುವ ರೀತಿಯಲ್ಲೇ ಇದೆ. ತೆಳು ಬಟ್ಟೆಯನ್ನು ನಾನು ಇಷ್ಟು ಒತ್ತಿ ಹೇಳಲು ಇದೂ ಒಂದು ಕಾರಣ.

ಚರ್ಮದ ಬಗ್ಗೆ ಎರಡು ಮಾತು. ಯಾವ ಡೈಪರೇ ಇರಲಿ, ಹಗಲಲ್ಲಿ ಎರಡು ಮೂರು ಗಂಟೆಗೊಮ್ಮೆ ಬದಲಾಯಿಸಬೇಕು. ಕಕ್ಕ ಮಾಡಿದರೆ ತಕ್ಷಣ. ದದ್ದಿಗೆ ಜಿಂಕ್ ಆಕ್ಸೈಡ್ ಕ್ರೀಮ್ ಹಚ್ಚಿದಾಗ ಅದು ಡೈಪರಿಗೆ ಮೆತ್ತಿಕೊಂಡು ನೀರು ಇಂಗದಂತೆ ಮಾಡುತ್ತದೆ. ಮಧ್ಯೆ ಒಂದು ಹಳೆಯ ಬಟ್ಟೆಯ ತುಂಡು ಹಾಸಿ. ತೊಡೆಯ ಸಂದಿಯ ಒಳಗೂ ಕಡುಕೆಂಪಾಗಿ, ಸುತ್ತ ಚಿಕ್ಕ ಚಿಕ್ಕ ಗುಳ್ಳೆ ಕಂಡರೆ ಅದು ಫಂಗಸ್ ಇರಬಹುದು. ಮಾಮೂಲಿ ಕ್ರೀಮಿಗೆ ಅದು ಹೋಗುವುದಿಲ್ಲ, ಮಕ್ಕಳ ಡಾಕ್ಟರಿಗೆ ತೋರಿಸಿ. ಬೇರೆ ಯಾವ ದದ್ದೇ ಆದರೂ ಎರಡು ಮೂರು ದಿನದಲ್ಲಿ ಇಳಿಯದಿದ್ದರೆ ತೋರಿಸಿ.

ಪರಿಚಯದವರು ಬಳಸಿದ ಡೈಪರ್ ಕೊಟ್ಟರೆ ಸಂಕೋಚವಿಲ್ಲದೆ ತೆಗೆದುಕೊಳ್ಳಿ. ಕಾಲಿನ ಎಲಾಸ್ಟಿಕ್ ಎಳೆದು ಬಿಟ್ಟು ನೋಡಿ, ಹಿಂದಕ್ಕೆ ಬರಬೇಕು. ಕವರನ್ನು ಬೆಳಕಿಗೆ ಹಿಡಿದು ನೋಡಿ, ಒಳಗಿನ ಪೊರೆ ಬಿರುಕು ಬಿಟ್ಟಿದ್ದರೆ, ಗುಳ್ಳೆ ಎದ್ದಿದ್ದರೆ ಅದು ನೀರು ತಡೆಯುವುದಿಲ್ಲ. ಬಟ್ಟೆಯ ಭಾಗವನ್ನು ಬಿಸಿನೀರಿನಲ್ಲಿ ಒಮ್ಮೆ ಚೆನ್ನಾಗಿ ಒಗೆದರೆ ಸಾಕು.

ನಿಮಗೀಗ ಏಳು ತಿಂಗಳು ಅಂದಿರಿ, ಸರಿಯಾದ ಸಮಯ. ಹೊಸ ಚೌಕ ಬಟ್ಟೆ ತಂದರೆ ಈಗಿನಿಂದಲೇ ಮನೆಯ ಬಟ್ಟೆಗಳ ಜೊತೆ ಹಾಕಿ ನಾಲ್ಕೈದು ಸಲ ಒಗೆದಿಡಿ. ಪ್ರತಿ ಸಲ ಒಣಗಿದ ಮೇಲೆ ಎರಡು ಹನಿ ನೀರು ಹಾಕಿ ನೋಡಿ, ಇಂಗತೊಡಗಿದರೆ ಬಟ್ಟೆ ತಯಾರು. ಹಾಗೆಯೇ ಬಾಲ್ಕನಿಯಲ್ಲಿ ಅದು ಎಷ್ಟು ಹೊತ್ತಿಗೆ ಒಣಗಿತು ಅನ್ನುವುದನ್ನೂ ಬರೆದಿಡಿ. ಬೆಳಗ್ಗೆ ಹಾಕಿದ್ದು ಸಂಜೆಗೂ ತಂಪಾಗಿದ್ದರೆ ಇನ್ನೊಂದು ಆರು ಬಟ್ಟೆ ಸೇರಿಸಿಕೊಳ್ಳಿ. ನವಜಾತ ಕವರ್‌ಗಳಲ್ಲಿ ಎರಡನ್ನು ಮಾತ್ರ ಈಗ ಒಗೆದು ಬಳಕೆಗೆ ಇಡಿ, ಉಳಿದವುಗಳ ಟ್ಯಾಗ್ ಕೀಳಬೇಡಿ. ಮಗು ನಾಲ್ಕು ಕೆಜಿ ತೂಗಿ ಹುಟ್ಟಿದರೆ ಅವನ್ನು ಬದಲಾಯಿಸಿ ದೊಡ್ಡ ಸೈಜ್ ತರಬಹುದು.